18 ಮೀಟರಿನ ಬಾಡಿಗೆ

ಪುಣೆಯ ಧಾಯರಿಯ ಆ ಶೆಡ್ಡಿನ ಶಟರ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಭಾವ ಬಗ್ಗಿ ಒಳಗೆ ಹೋದರು, ಹಿಂದೆ ನಾನೂ ಬಗ್ಗಿದೆ. ಮೊದಲು ಅಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಇತ್ತಂತೆ. ನೆಲದಲ್ಲಿ ಯಂತ್ರದ ಬೋಲ್ಟು ಕಿತ್ತ ತೂತುಗಳು, ಮೂಲೆಯಲ್ಲಿ ಒಣಗಿದ ಅಂಟಿನ ಡಬ್ಬ, ಮೇಲೆ ತಗಡಿನ ಮಾಡು. ಟೇಪಿನ ತುದಿ ನನ್ನ ಕೈಗೆ ಕೊಟ್ಟು ಭಾವ ಆಚೆ ಗೋಡೆಯ ತನಕ ನಡೆದರು. 90 ಅಡಿ ಉದ್ದ, 30 ಅಡಿ ಅಗಲ.

"ಬೇಕಾದಷ್ಟಾಯ್ತು ಭಾವ," ಅಂದರು ಅಲ್ಲಿಂದಲೇ. ಖಾಲಿ ಶೆಡ್ಡಿನಲ್ಲಿ ಅವರ ದನಿ ಎರಡು ಸಲ ಕೇಳಿಸಿತು.

ಅವರು ನನ್ನ ಹೆಂಡತಿಯ ಅಣ್ಣ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಅಂತಲೇ ಕರೆಯುವುದು. ಅವರಿಗೆ ಸಿಂಹಗಡ ರಸ್ತೆಯಲ್ಲಿ ಒಂದು ಹೋಟೆಲು. ನನಗೆ ಹೋಟೆಲು ಇಲ್ಲ, ಆದರೆ ಪುಣೆಯಲ್ಲಿರುವ ನಮ್ಮ ಊರ ಕಡೆಯ ಹತ್ತು ಹನ್ನೆರಡು ಹೋಟೆಲುಗಳ ಲೆಕ್ಕ ಬರೆಯುವುದು ನಾನೇ. ಯಾರ ಗಲ್ಲಾದಲ್ಲಿ ಎಷ್ಟು ಬೀಳುತ್ತದೆ, ಯಾರು ತೋರಿಸುವುದೆಷ್ಟು ಎಂದು ಗೊತ್ತಿರುವ ಮನುಷ್ಯನನ್ನು ಹೊಸ ವ್ಯಾಪಾರಕ್ಕೆ ಜೊತೆಗೆ ಕರೆದುಕೊಂಡು ಹೋಗಬಾರದು. ಉತ್ಸಾಹಕ್ಕೆ ತಣ್ಣೀರು ಎರಚುವುದೇ ಅವನ ಕಸುಬು.

ಶೆಡ್ಡಿನ ಮಾಲೀಕರು ಹೊರಗೆ ಸ್ಕೂಟರಿಗೆ ಒರಗಿ ನಿಂತಿದ್ದರು. ಏನು ಮಾಡ್ತೀರಿ ಇಲ್ಲಿ ಎಂದು ಮರಾಠಿಯಲ್ಲಿ ಕೇಳಿದರು. "ಧನುರ್ವಿದ್ಯಾ," ಅಂದರು ಭಾವ, ಎದೆ ಸ್ವಲ್ಪ ಮುಂದೆ ಮಾಡಿ. ಮಾಲೀಕರು ಒಂದು ಗಳಿಗೆ ಸುಮ್ಮನಿದ್ದು, "ಪಿಕಲ್‌ಬಾಲ್ ಕರಾ ನಾ," ಅಂದರು. ಅದರ ಬದಲು ಟೆನಿಸಿನ ಹಾಗಿನ ಆ ಆಟ ಇಡಿ ಎಂದು.

ಆ ದಿನ ಅದನ್ನು ನೆನೆಸಿಕೊಂಡು ನಕ್ಕೆವು. ಆಮೇಲೆ ನನಗೆ ಅನ್ನಿಸಿದ್ದು, ಆ ಮನುಷ್ಯ ನಮಗಿಂತ ಮೊದಲೇ ಲೆಕ್ಕ ಹಾಕಿ ಮುಗಿಸಿದ್ದ.

ಇದೆಲ್ಲ ಶುರುವಾದದ್ದು ನನ್ನ ಮಗಳಿಂದ. ಮೂರು ವರ್ಷದ ಹಿಂದೆ, ಅವಳು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ನಗರದ ಒಂದು ಇಂಡೋರ್ ರೇಂಜಿನ (ಮಾಡಿನ ಅಡಿಯಲ್ಲಿ ಬಿಲ್ಲು ಅಭ್ಯಾಸ ಮಾಡುವ ಜಾಗ) ಶಿಬಿರಕ್ಕೆ ಸೇರಿಸಿದ್ದೆವು. ಈಜು ಸಿಗಲಿಲ್ಲ, ಅದಕ್ಕೇ ಬಿಲ್ಲು. ಆ ರೇಂಜಿನ ಹೆಸರು ಬೇಡ. ಚೆನ್ನಾಗಿ ಕಲಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರುವರ್ಷ ಡಿಸೆಂಬರಿನಲ್ಲಿ ಮೂರು ತಿಂಗಳ ಫೀಸು ಮುಂಗಡ ತೆಗೆದುಕೊಂಡು, ಸಂಕ್ರಾಂತಿ ಕಳೆದ ಮೇಲೆ ಬಾಗಿಲಿಗೆ ಬೀಗ ಹಾಕಿದರು. ವಾಟ್ಸಾಪ್ ಗುಂಪಿನಲ್ಲಿ "ತಾಂತ್ರಿಕ ಕಾರಣ" ಅಂತ ಒಂದು ಸಾಲು. ನಮ್ಮ ದುಡ್ಡು ಹೋಯಿತು. ಮಗಳಿಗೆ ದುಡ್ಡಿನ ಚಿಂತೆ ಇರಲಿಲ್ಲ. ಅವಳ ಬೆರಳಿಗೆ ಹಾಕುವ ಚರ್ಮದ ಟ್ಯಾಬ್ ಒಳಗೆ ಲಾಕರಿನಲ್ಲಿ ಉಳಿದಿತ್ತು. ಕೈಗೆ ಹೊಂದಿಕೊಂಡ ಟ್ಯಾಬ್ ಅದು, ಹೊಸದಕ್ಕೆ ಮತ್ತೆ ಎರಡು ತಿಂಗಳು ಬೇಕು ಎಂದು ಅತ್ತಳು.

ಆಗ ಕಾದು ಕೂತಿರುವ ಅಪ್ಪ ಅಮ್ಮಂದಿರಿಗೆಂದು ಅಲ್ಲಿ ಒಂದು ಬೆಂಚು ಇತ್ತು. ಆ ಬೆಂಚಿನ ಮೇಲೆ ಕೂತು ಕೂತು ನನಗೂ ಆಸೆ ಹುಟ್ಟಿತ್ತು. ಒಂದು ದಿನ ಕೋಚ್ ನನ್ನ ಕೈಗೂ ಬಿಲ್ಲು ಕೊಟ್ಟರು. ಎಳೆಯಲಿಕ್ಕೆ 20 ಪೌಂಡಿನ ಬಲ ಬೇಕಾದದ್ದು, ಮಕ್ಕಳದ್ದೇ. ತೋರುಬೆರಳು ಬಾಣದ ಮೇಲೆ, ಮಧ್ಯದ್ದೂ ಉಂಗುರದ್ದೂ ಬಾಣದ ಕೆಳಗೆ. ಹೆದೆಯನ್ನು ಗಲ್ಲದ ಅಡಿಗೆ ತಂದು ನಿಲ್ಲಿಸಬೇಕು, ಪ್ರತಿ ಸಲವೂ ಅದೇ ಜಾಗಕ್ಕೆ. ಎಳೆಯುವುದು ತೋಳಿನಿಂದಲ್ಲ, ಬೆನ್ನಿನ ಹಲಗೆ ಮೂಳೆಯಿಂದ. ಇಷ್ಟು ಹೇಳಿಸಿಕೊಂಡು ನಾನು ಬಿಟ್ಟ ಮೊದಲ ಬಾಣ ಗುರಿಹಲಗೆಗೆ ತಾಗಿತು. ಆದರೆ ಪಕ್ಕದವರ ಹಲಗೆಗೆ. ಹೆದೆ ಎಡಗೈಯ ಒಳಬದಿಗೆ ಬಡಿದು ಅಂಗೈ ಅಗಲ ನೀಲಿಗಟ್ಟಿತು. ಎಂಟು ದಿನ ಫುಲ್ ತೋಳಿನ ಶರಟು ಹಾಕಿಕೊಂಡು ಹೋಟೆಲುಗಳಿಗೆ ಹೋದೆ.

ಬಾಣ ಬಿಡುವುದಕ್ಕಿಂತ ನನಗೆ ಹಿಡಿಸಿದ್ದು ಬಾಣ ಕೀಳುವುದು. ಎಡ ಅಂಗೈಯನ್ನು ಗುರಿಯ ಕಾಗದದ ಮೇಲೆ ಒತ್ತಿ ಹಿಡಿಯಬೇಕು. ಬಲಗೈಯಲ್ಲಿ ಬಾಣವನ್ನು ಆದಷ್ಟು ಹಲಗೆಯ ಹತ್ತಿರ ಹಿಡಿದು, ಸ್ವಲ್ಪವೇ ತಿರುಚಿ, ನೇರಕ್ಕೆ ಎಳೆಯಬೇಕು. ಅದಕ್ಕೂ ಮೊದಲು ತಿರುಗಿ ನೋಡಬೇಕು, ಹಿಂದೆ ಯಾರ ಮುಖವಾದರೂ ಇದೆಯೇ ಎಂದು. ಬಿಗಿಯಾಗಿ ಕೂತ ಬಾಣ ಥಟ್ಟನೆ ಕಿತ್ತು ಬಂದರೆ ಅದರ ಹಿಂತುದಿ ಹಿಂದಿರುವವನ ಕಣ್ಣಿಗೇ ಹೋಗುತ್ತದೆ. ವೇಗಕ್ಕೆ ಕರಗಿದ ಫೋಮು ಬಾಣದ ಕಡ್ಡಿಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಕಿಸೆಯಲ್ಲಿ ಒಂದು ಸೋಪಿನ ತುಂಡು ಇಟ್ಟುಕೊಂಡು ಕಡ್ಡಿಗೆ ಉಜ್ಜುತ್ತಾರೆ. ಕಾರ್ಬನ್ ಬಾಣವಾದರೆ ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ತಂದು ಮೆಲ್ಲ ಬಾಗಿಸಿ ಕೇಳಬೇಕು. ಚಿರ್ ಅಂದರೆ ಒಳಗೆ ಸೀಳಿದೆ ಎಂದರ್ಥ; ಆ ಬಾಣವನ್ನು ಅಲ್ಲೇ ಮುರಿದು ಹಾಕಬೇಕು. ಇಲ್ಲದಿದ್ದರೆ ಮುಂದಿನ ಸಲ ಬಿಡುವಾಗ ಅದು ಚೂರಾಗಿ ಬಿಲ್ಲು ಹಿಡಿದ ಕೈಗೇ ನೆಡುತ್ತದೆ.

ಇಂಡೋರ್ ಸ್ಪರ್ಧೆಯ ದೂರ 18 ಮೀಟರು. ಗುರಿಯ ಕಾಗದ 40 ಸೆಂಟಿಮೀಟರು, ನಡುವಿನ ಹತ್ತು ಅಂಕದ ವೃತ್ತ ರಿಕರ್ವ್ ಬಿಲ್ಲಿನವರಿಗೆ (ತುದಿಗಳು ಮುಂದಕ್ಕೆ ಬಾಗಿದ್ದು) 4 ಸೆಂಟಿಮೀಟರು, ಕಾಂಪೌಂಡಿನವರಿಗೆ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಬರೀ 2. ಒಂದು ಸಲಕ್ಕೆ ಮೂರು ಬಾಣ, ಒಟ್ಟು 60. ಒಲಿಂಪಿಕ್ಸಿನ ಕಥೆಯೇ ಬೇರೆ. ಅಲ್ಲಿ ಬಯಲು, 70 ಮೀಟರು, 122 ಸೆಂಟಿಮೀಟರಿನ ಗುರಿ, ಜೊತೆಗೆ ಗಾಳಿ. ಈ ವ್ಯತ್ಯಾಸ ಗೊತ್ತಿಲ್ಲದೆ ಇಂಡೋರ್ ರೇಂಜ್ ತೆರೆಯುವವರು ಮೊದಲ ದಿನವೇ ಸುಳ್ಳು ಹೇಳಬೇಕಾಗುತ್ತದೆ. ಯಾಕೆಂದರೆ ಮಗುವನ್ನು ಕರೆದುಕೊಂಡು ಬರುವ ಪ್ರತಿಯೊಬ್ಬ ತಂದೆಯೂ ಕೇಳುವುದು ಒಂದೇ, "ಒಲಿಂಪಿಕ್ಸಿಗೆ ಹೋಗ್ಲಿಕ್ಕೆ ಆಗ್ತದಾ?"

ಎರಡನೆಯ ಪ್ರಶ್ನೆ ಇನ್ನೂ ನೇರ. ಹತ್ತನೇ ಕ್ಲಾಸಿನಲ್ಲಿ ಗ್ರೇಸ್ ಅಂಕ ಸಿಗ್ತದಾ? ಮಹಾರಾಷ್ಟ್ರದಲ್ಲಿ ಮಾನ್ಯತೆ ಪಡೆದ ಸ್ಪರ್ಧೆಗಳಲ್ಲಿ ಆಡಿದ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲಿ ಕ್ರೀಡಾ ಅಂಕಗಳಿವೆ, ಮುಂದೆ ಸರ್ಕಾರಿ ಕೆಲಸಕ್ಕೆ ಶೇಕಡಾ 5 ಕ್ರೀಡಾ ಮೀಸಲಾತಿಯೂ ಇದೆ. ಕೇಳುವವರನ್ನು ನಾನು ಹೀಯಾಳಿಸುವುದಿಲ್ಲ. ತಿಂಗಳ ಫೀಸು ಕೊಡುವವರಿಗೆ ಏನು ಬರುತ್ತದೆ ಎಂದು ಕೇಳುವ ಹಕ್ಕಿದೆ.

ಆದರೆ ಚಾಂಪಿಯನ್ನುಗಳು ಎಲ್ಲಿಂದ ಬಂದರು ಎಂದು ನೋಡಬೇಕು. ಪುಣೆಯಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದ ಸಾತಾರಾದಲ್ಲಿ ಪ್ರವೀಣ್ ಸಾವಂತ್ ಎಂಬ ಕೋಚ್ ಕಬ್ಬಿನ ಗದ್ದೆಯ ಜಾಗದಲ್ಲಿ ಬಿಲ್ಲು ಕಲಿಸಿದರು. ಅಲ್ಲಿ ಕಲಿತ ಅದಿತಿ ಸ್ವಾಮಿ 2023ರ ಆಗಸ್ಟಿನಲ್ಲಿ, 17ನೇ ವಯಸ್ಸಿನಲ್ಲಿ, ಬರ್ಲಿನ್ನಿನಲ್ಲಿ ಕಾಂಪೌಂಡ್ ವಿಭಾಗದ ವಿಶ್ವ ಚಾಂಪಿಯನ್ ಆದಳು. ಅದೇ ದಿನ ನಾಗಪುರದ ಓಜಸ್ ದೇವತಳೆ, ಅವನೂ ಸಾವಂತರ ಹತ್ತಿರ ಪಳಗಿದವನೇ, ಫೈನಲ್ಲಿನಲ್ಲಿ 150ಕ್ಕೆ 150 ಹೊಡೆದು ಪುರುಷರ ಚಿನ್ನ ಗೆದ್ದ. ಟೋಕಿಯೋ ಒಲಿಂಪಿಕ್ಸಿಗೆ ಹೋದ ಪ್ರವೀಣ್ ಜಾಧವ್ ಫಲಟಣ ತಾಲೂಕಿನ ಸರಡೆಯ ಕೂಲಿ ಕುಟುಂಬದ ಹುಡುಗ. ಸರ್ಕಾರದ ಕ್ರೀಡಾ ಪ್ರಬೋಧಿನಿ, ಆಮೇಲೆ ಸೈನ್ಯ. ನಮ್ಮ ಪುಣೆಯಲ್ಲೇ 2001ರಿಂದ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇದೆ, ದೇಶದ ದೊಡ್ಡ ದೊಡ್ಡ ಬಿಲ್ಲುಗಾರರು ಅಭ್ಯಾಸ ಮಾಡಿದ ಜಾಗ. ಇವರಲ್ಲಿ ಒಬ್ಬರೂ ಸಂಜೆ ಆರರಿಂದ ಏಳೂವರೆಯ ಬ್ಯಾಚಿನಲ್ಲಿ, ತಗಡಿನ ಶೆಡ್ಡಿನೊಳಗೆ, 18 ಮೀಟರಿನಲ್ಲಿ ತಯಾರಾದವರಲ್ಲ. ಬಯಲು ಬೇಕು, ದಿನಕ್ಕೆ ನೂರಾರು ಬಾಣ ಬೇಕು. ಇಷ್ಟೆಲ್ಲ ಇದ್ದೂ, 2024ರ ಪ್ಯಾರಿಸ್ಸಿನ ತನಕ ಬಿಲ್ಲುಗಾರಿಕೆಯಲ್ಲಿ ನಮಗೆ ಒಂದೂ ಒಲಿಂಪಿಕ್ ಪದಕ ಬಂದಿಲ್ಲ.

ಹಾಗಾದರೆ ಇಂಡೋರ್ ಯಾಕೆ? ಪುಣೆಯ ಮಳೆಗಾಲಕ್ಕೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಬಯಲಿನಲ್ಲಿ ಕೆಸರು, ಮಕ್ಕಳು ತಿಂಗಳುಗಟ್ಟಲೆ ಬಿಲ್ಲು ಮುಟ್ಟುವುದಿಲ್ಲ. ಮತ್ತೆ, ಶಾಲೆ ಮುಗಿಸಿ ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ, ಏಳು ಗಂಟೆಗೆ ಆಫೀಸು ಬಿಡುವ ಗಂಡಸಿಗೆ ಬೆಳಕಿರುವ ಬಯಲು ಎಲ್ಲಿ ಸಿಗುತ್ತದೆ? ಕೈ ಪಳಗಿಸಲಿಕ್ಕೆ, ನಿಲುವು ಕಲಿಯಲಿಕ್ಕೆ 18 ಮೀಟರು ಧಾರಾಳ ಸಾಕು. ಇಂಡೋರ್ ರೇಂಜು ಅಂದರೆ ಸಸಿಮಡಿ. ಅಲ್ಲಿ ಭತ್ತ ಕೊಯ್ಯುವುದಿಲ್ಲ.

ಸಸಿಮಡಿಗೆ ಚದರಡಿಗೆ 28 ರೂಪಾಯಿ ಬಾಡಿಗೆ ಕೊಡಬೇಕೇ ಎಂಬುದು ನನ್ನ ಮತ್ತು ಭಾವನ ಜಗಳ.

ಧಾಯರಿಯಿಂದ ಬಂದ ಆ ಭಾನುವಾರ ಭಾವನ ಹೋಟೆಲಿನ ಒಳಗಿನ ಟೇಬಲ್ಲಿನಲ್ಲಿ ಕೂತು, ಹಳೆಯ ಬಿಲ್ಲು ಪುಸ್ತಕದ ಹಿಂದೆ ಲೆಕ್ಕ ಬರೆದೆವು. (ಬಿಲ್ಲಿನ ಲೆಕ್ಕ ಬಿಲ್ಲಿನ ಹಿಂದೆ ಎಂದು ನಾನು ಹೇಳಿದ್ದಕ್ಕೆ ಅವರು ನಗಲಿಲ್ಲ.) 2,700 ಚದರಡಿಗೆ ತಿಂಗಳಿಗೆ 75,600. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 89,208. ಕೋಚಿಗೆ 40,000, ಸಹಾಯಕನಿಗೆ 16,000, ಕರೆಂಟಿಗೆ 9,000. ಗುರಿಹಲಗೆಗಳು ಸವೆಯುತ್ತವೆ, ಬಾಣ ಮುರಿಯುತ್ತದೆ, ಹೆದೆ ಜೂಲಾಗುತ್ತದೆ, ಅದಕ್ಕೆ 10,000. ಗುಡಿಸುವುದು, ನೀರು, ಫೋನು 6,000. ಒಟ್ಟು 1,70,208. ಇದು ತಿಂಗಳ ಖರ್ಚು. ಮೊದಲಿಗೆ ಹಾಕಬೇಕಾದ್ದು ಬೇರೆಯೇ ಇದೆ: ಆರು ತಿಂಗಳ ಡಿಪಾಸಿಟ್ಟು ನಾಲ್ಕೂವರೆ ಲಕ್ಷ, ಹತ್ತು ಕಲಿಕೆಯ ಬಿಲ್ಲು, ಐದು ದೊಡ್ಡ ಹಲಗೆ, ಹಿಂದೆ ಇಳಿಬಿಡುವ ಬಲೆ, ದೀಪ, ಎಲ್ಲ ಸೇರಿ ಇನ್ನೊಂದು ನಾಲ್ಕು ಲಕ್ಷ.

ತಲೆಗೆ 2,500 ಫೀಸು ಇಟ್ಟರೆ 69 ಜನ ಬೇಕು. ಒಂದು ಸಲಕ್ಕೆ ಗೆರೆಯ ಮೇಲೆ ಹತ್ತು ಜನ ನಿಲ್ಲಬಹುದು, ಒಬ್ಬೊಬ್ಬರಿಗೆ 80 ಸೆಂಟಿಮೀಟರಿನ ಲೆಕ್ಕದಲ್ಲಿ. ಬ್ಯಾಚಿನ ಮೇಲೆ ಬ್ಯಾಚು ಹಾಕಿದರೆ 69 ಹಿಡಿಸುತ್ತದೆ, ಜಾಗದ ತೊಂದರೆ ಇಲ್ಲ.

"ಅಷ್ಟು ಜನ ಬರ್ಲಿಕ್ಕಿಲ್ವಾ ಇಡೀ ಪುಣೆಯಲ್ಲಿ?" ಅಂದರು ಭಾವ.

ಬರುತ್ತಾರೆ. ಉಳಿಯುವುದಿಲ್ಲ. ನನ್ನ ಮಗಳ ಬೇಸಿಗೆ ಶಿಬಿರದಲ್ಲಿ 23 ಮಕ್ಕಳಿದ್ದರು. ಜುಲೈಗೆ ಒಂಬತ್ತು, ದೀಪಾವಳಿಗೆ ನಾಲ್ಕು. ಬಿಟ್ಟವರದು ತಪ್ಪಲ್ಲ. ಮೊದಲ ತಿಂಗಳು ಬಾಣ ಹಲಗೆಗೆ ತಾಗುವ ಖುಷಿ, ಎರಡನೆಯ ತಿಂಗಳು ಹಳದಿಗೆ ತಾಗುವ ಖುಷಿ, ಮೂರನೆಯ ತಿಂಗಳಿನಿಂದ ಶುರು ನಿಜವಾದ ಬೇಜಾರು. ಅದೇ ನಿಲುವು, ಅದೇ ಗಲ್ಲ, ಅದೇ ಬೆರಳು. ಆಟ ಅಂದುಕೊಂಡು ಬಂದದ್ದು ಮಗ್ಗಿ ಬಾಯಿಪಾಠದ ಹಾಗೆ ಆಗುತ್ತದೆ. ಮೇಲಾಗಿ ನಾಲ್ಕನೇ ತಿಂಗಳಿಗೆ ಕೋಚ್, "ಇನ್ನು ಸ್ವಂತ ಬಿಲ್ಲು ತೆಗೆದುಕೊಳ್ಳಿ" ಎನ್ನುತ್ತಾರೆ. ಬಿದಿರಿನ ಇಂಡಿಯನ್ ರೌಂಡ್ ಬಿಲ್ಲಾದರೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ರಿಕರ್ವ್ ಎಂದರೆ ನಡುವಿನ ಹಿಡಿಯ ರೈಸರ್, ಮೇಲೆ ಕೆಳಗೆ ಬಾಗುವ ಲಿಂಬು, ಗುರಿ ನೋಡುವ ಸೈಟು, ಬಿಲ್ಲು ಅಲುಗದಂತೆ ಹಿಡಿಯುವ ಸ್ಟೆಬಿಲೈಸರ್, ಎಲ್ಲ ಹೊರದೇಶದ್ದು. ಸ್ಪರ್ಧೆಗೆ ಆಗುವಂಥದ್ದಕ್ಕೆ ಲಕ್ಷ ದಾಟುತ್ತದೆ.

ಮತ್ತೊಂದು ತಮಾಷೆ. 69 ಜನರಿಂದ 2,500 ಅಂದರೆ ವರ್ಷಕ್ಕೆ 20 ಲಕ್ಷದ 70 ಸಾವಿರ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಗಡಿ 20 ಲಕ್ಷ. ಅಂದರೆ ನಷ್ಟ ನಿಂತ ತಿಂಗಳೇ ತೆರಿಗೆ ಶುರು. ಆಗ ಬಾಡಿಗೆಯ ಮೇಲೆ ಕೊಟ್ಟ ತೆರಿಗೆ ಹಿಂದಕ್ಕೆ ಹಿಡಿದುಕೊಳ್ಳಬಹುದು, ನಿಜ, ಆದರೆ 2,500 ಕೊಡುತ್ತಿದ್ದ ತಂದೆಯಿಂದ 2,950 ಕೇಳಬೇಕು. ನಾನು ಇದನ್ನು ಹೇಳುವಾಗ ಭಾವನ ಮುಖ ಮಾರ್ಚ್ ತಿಂಗಳಿನಲ್ಲಿ ನನ್ನನ್ನು ನೋಡುವ ಎಲ್ಲ ಹೋಟೆಲಿನವರ ಮುಖದ ಹಾಗೆ ಆಯಿತು.

ಅವರ ಹತ್ತಿರ ಉತ್ತರ ಇಲ್ಲದೇ ಇರಲಿಲ್ಲ. "ಶನಿವಾರ ಭಾನುವಾರ ಗೇಮು ಇಡುವ. ಹತ್ತು ಬಾಣಕ್ಕೆ ನೂರೈವತ್ತು. ಹುಟ್ಟುಹಬ್ಬ, ಆಫೀಸಿನವರ ಪಾರ್ಟಿ. ಚಾ, ಸ್ಯಾಂಡ್‌ವಿಚ್ ನಮ್ಮದೇ." ಲೋಣಾವಳಾದಲ್ಲಿ, ಮಹಾಬಳೇಶ್ವರದಲ್ಲಿ ರಸ್ತೆಬದಿಗೆ ಬಿಲ್ಲು ನೇತುಹಾಕಿಕೊಂಡು ಕೂತವರನ್ನು ನೋಡಿದವರಿಗೆ ಇದು ಸುಲಭದ ದುಡ್ಡು ಎನ್ನಿಸುತ್ತದೆ. ಹೋಟೆಲಿನ ಬುದ್ಧಿಯೂ ಅದೇ: ಟೇಬಲ್ಲು ತಿರುಗಬೇಕು. ಗಂಟೆಗೆ ಎಷ್ಟು ಜನ ಕೂತು ಎದ್ದರು ಎನ್ನುವುದೇ ಲಾಭ. ಬೀಗ ಬಿದ್ದ ಆ ರೇಂಜಿನವರೂ ಕೊನೆಗೆ ಹಾಗೇ ಮಾಡಿದ್ದರು. ವಾರದ ಕೊನೆಗೆ ಪಾರ್ಟಿಯವರು ಬಂದು ಬಾಣವಿಲ್ಲದೆ ಹೆದೆ ಎಳೆದು ಬಿಟ್ಟು ಎರಡು ಬಿಲ್ಲಿನ ಲಿಂಬು ಸೀಳಿದರು. ಬಾಣವಿಲ್ಲದೆ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಹೊಡೆಯುತ್ತದೆ, ಅದನ್ನು ಮೊದಲ ಪಾಠದಲ್ಲೇ ಹೇಳಿಕೊಡುವುದು. ಆದರೆ ಹತ್ತು ಬಾಣದ ಗಿರಾಕಿಗೆ ಪಾಠ ಎಲ್ಲಿ? ಕೋಚ್ ಅವರ ಹಿಂದೆ ಓಡಾಡುತ್ತಿದ್ದರು, ತಿಂಗಳ ಫೀಸು ಕೊಟ್ಟ ಮಕ್ಕಳು ಗೋಡೆಗೆ ಒರಗಿ ಕೂತಿರುತ್ತಿದ್ದರು. ಪಾರ್ಸೆಲ್ಲಿನವರಿಗೆ ಓಡಿ, ದಿನಾ ಊಟಕ್ಕೆ ಬರುವವರನ್ನು ಕಾಯಿಸಿದ ಹೋಟೆಲು ಏನಾಗುತ್ತದೆ ಎಂದು ಭಾವನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ಭಾವನಿಗೆ ಬಿಲ್ಲಿನ ಮೇಲೆ ಯಾಕಿಷ್ಟು ಪ್ರೀತಿ ಎಂಬುದನ್ನೂ ಹೇಳಬೇಕು. ಹರೆಯದಲ್ಲಿ ಅವರು ಯಕ್ಷಗಾನದಲ್ಲಿ ವೇಷ ಮಾಡುತ್ತಿದ್ದವರು. ಬಭ್ರುವಾಹನ, ಅಭಿಮನ್ಯು, ಎಲ್ಲ ಪುಂಡುವೇಷ. ರಂಗದ ಬಿಲ್ಲು ಮೊಳದುದ್ದದ್ದು, ಬಾಣ ಬೆರಳ ಸಂದಿಯಲ್ಲೇ ಉಳಿಯುತ್ತದೆ, ಹೋದದ್ದು ಚೆಂಡೆಯ ಪೆಟ್ಟಿನಲ್ಲಿ ಗೊತ್ತಾಗುತ್ತದೆ. ನಿಜವಾದ ಬಿಲ್ಲು ಕೈಗೆ ಬಂದ ಮೊದಲ ದಿನ ಅವರು ಅಭ್ಯಾಸಬಲದಿಂದ ಒಂದು ಸುತ್ತು ಬೀಸಿ, ಕಾಲು ಎತ್ತಿ ಇಟ್ಟು, ಬಿಟ್ಟರು. ಬಾಣ ಮೂರು ಮೀಟರು ಮುಂದೆ ನೆಲಕ್ಕೆ ಬಿತ್ತು. ನನ್ನ ಮಗಳು, "ಮಾವ, ಕಾಲು ಅಲ್ಲಾಡಿಸಬಾರದು," ಅಂದಳು. ಐವತ್ತೆರಡು ವರ್ಷದ ಬಭ್ರುವಾಹನ ಅಂದಿನಿಂದ ಕಾಲು ಅಲ್ಲಾಡಿಸಿಲ್ಲ.

ಜಗಳ ಮುಗಿಸಿದವಳು ನನ್ನ ಹೆಂಡತಿ. ಲೆಕ್ಕದ ಹಾಳೆ ನೋಡಿ, "ಬಾಡಿಗೆ ತೆಗೆದ್ರೆ ಉಳಿದದ್ದೆಲ್ಲ ಆಗ್ತದಲ್ಲ, ಹಾಗಾದ್ರೆ ಬಾಡಿಗೆ ಇಲ್ಲದ ಜಾಗ ನೋಡಿ," ಅಂದಳು. "ನಿಮ್ಮ ಸಂಘದ ಹಾಲ್ ಸೋಮವಾರದಿಂದ ಗುರುವಾರ ಎಂತ ಮಾಡ್ತದೆ? ಕುರ್ಚಿ ಕಾಯ್ತದೆ."

ಅದು ನಿಜ. ಪುಣೆ, ಮುಂಬಯಿಯ ನಮ್ಮವರ ಸಂಘಗಳಿಗೆಲ್ಲ ಒಂದೊಂದು ಸಭಾಂಗಣ. ಅಜ್ಜಂದಿರ ಕಾಲದವರು ಹೋಟೆಲಿನಲ್ಲಿ ಲೋಟ ತೊಳೆದು ಕೂಡಿಟ್ಟ ದುಡ್ಡಿನಿಂದ ಕಟ್ಟಿದ್ದು. ಶನಿವಾರ ಮದುವೆ, ಭಾನುವಾರ ತಾಳಮದ್ದಲೆ, ವಾರದ ನಡುವೆ ಫ್ಯಾನಿನ ಮೇಲೆ ಪಾರಿವಾಳ. ನಮ್ಮ ಸಂಘದ ಹಾಲ್ ರಂಗಸ್ಥಳದ ಹಿಂಗೋಡೆಯಿಂದ ಮುಖ್ಯ ಬಾಗಿಲಿನ ತನಕ 27 ಮೀಟರು. ನಡುವೆ ಕಂಬವಿಲ್ಲ. ಧಾಯರಿಯ ಶೆಡ್ಡಿನಲ್ಲಿ ನಟ್ಟನಡುವೆ ಸಾಲು ಕಂಬ ಇದ್ದವು ಎಂದು ಆಗ ನೆನಪಾಯಿತು. ಟೇಪ್ ಹಿಡಿದ ಖುಷಿಯಲ್ಲಿ ನಮ್ಮಿಬ್ಬರಿಗೂ ಅವು ಕಂಡಿರಲಿಲ್ಲ.

ಸಮಿತಿಯವರ ಮುಂದೆ ಮೂರು ಸಭೆಯಾಯಿತು. ನೆಲದ ಟೈಲ್ಸಿಗೆ ಏನಾಗುತ್ತದೆ, ವೆಲ್ವೆಟ್ ಪರದೆಗೆ ಏನಾಗುತ್ತದೆ, ಸ್ಥಾಪಕರ ಫೋಟೋಗಳಿಗೆ ಏನಾಗುತ್ತದೆ. ಹಿರಿಯರೊಬ್ಬರು, "ಫೋಟೋಕ್ಕೆ ಬಾಣ ಬಿದ್ರೆ ಯಾರು ಉತ್ತರ ಕೊಡುವುದು? ಅವರ ಮೊಮ್ಮಕ್ಕಳೆಲ್ಲ ಸಮಿತಿಯಲ್ಲೇ ಇದ್ದಾರೆ," ಅಂದರು. ಫೋಟೋಗಳನ್ನು ಎದುರು ಗೋಡೆಗೆ ದಾಟಿಸಿದೆವು. ನಾಲ್ಕು ಗುರಿಹಲಗೆಗೆ ಚಕ್ರದ ಸ್ಟ್ಯಾಂಡ್ ಮಾಡಿಸಿದೆವು, ಕೆಲಸ ಮುಗಿದ ಮೇಲೆ ರಂಗಸ್ಥಳದ ಅಡಿಯ ಗೋದಾಮಿಗೆ ತಳ್ಳುವ ಹಾಗೆ. ಹಿಂದೆ ಬಲೆಯನ್ನು ಬಿಗಿಯಾಗಿ ಕಟ್ಟಿದ್ದ ಹುಡುಗನಿಂದಲೇ ಅದನ್ನು ಬಿಚ್ಚಿಸಿ ಜೋಲು ಬಿಡಿಸಿದ್ದು ನಮ್ಮ ಕೋಚ್ ಸುಬೇದಾರ್ ಸಾಹೇಬರು. ಬಿಗಿದ ಬಲೆಯನ್ನು ಬಾಣ ತೂರಿ ಹೋಗುತ್ತದೆ, ಜೋಲು ಬಲೆ ಅದನ್ನು ಸುತ್ತಿ ಇಳಿಸುತ್ತದೆ.

ಸುಬೇದಾರ್ ಸಾಹೇಬರು ಝಾರ್ಖಂಡದವರು, ಸೈನ್ಯದಿಂದ ನಿವೃತ್ತರಾಗಿ ಪುಣೆಯಲ್ಲೇ ಉಳಿದವರು. ವಾರಕ್ಕೆ ಮೂರು ಸಂಜೆ ಕಲಿಸಲಿಕ್ಕೆ ಒಪ್ಪಿದರು. ಹಾಲ್ ನೋಡಲಿಕ್ಕೆ ಬಂದ ದಿನ ಅವರು ಉದ್ದ ಕೇಳಲಿಲ್ಲ, ಅಗಲ ಕೇಳಲಿಲ್ಲ. "ದರವಾಜೇ ಕಿತನೇ ಹೈ?" ಎಂದು ಕೇಳಿದರು. ಐದು ಬಾಗಿಲು. ಎರಡು ಹಿಂದೆ, ಎರಡು ಪಕ್ಕಕ್ಕೆ, ಒಂದು ರಂಗಸ್ಥಳದ ಮೇಲೆ, ಗ್ರೀನ್ ರೂಮಿನದ್ದು. ಆ ಐದನೆಯದನ್ನು ನೋಡಿ ಅವರು ತಲೆ ಅಲ್ಲಾಡಿಸಿದರು. ಒಳಗಿನಿಂದ ಅಲ್ಲ, ಈ ಕಡೆಯಿಂದ ಬೋಲ್ಟ್ ಹಾಕಿಸಿ, ಮತ್ತೆ ಬಾಗಿಲು ನೋಡಿಕೊಳ್ಳಲಿಕ್ಕೆ ಒಬ್ಬನನ್ನು ಇಡಿ ಅಂದರು. ಕಲಿಸುವವನು ಮಗುವಿನ ಭುಜ ನೋಡುತ್ತಿರುತ್ತಾನೆ, ಅವನಿಂದ ಹಾಲ್ ನೋಡಲಿಕ್ಕೆ ಆಗುವುದಿಲ್ಲ.

ಬೋಲ್ಟ್ ಹಾಕಿಸಿದೆವು. ಜನ ಇಡಲಿಲ್ಲ. ತಿಂಗಳಿಗೆ 9,000 ಸುಮ್ಮನೆ ನಿಲ್ಲುವವನಿಗೆ ಯಾಕೆ ಎಂದು ಹೇಳಿದ್ದು ಬೇರೆ ಯಾರೂ ಅಲ್ಲ, ನಾನೇ. ನಾನೇ ನಿಲ್ಲುತ್ತೇನೆ ಅಂದೆ.

ಜುಲೈಯ ಒಂದು ಬುಧವಾರ. ಹೊರಗೆ ಹೊಯ್ಯುವ ಮಳೆ, ಹಾಲಿನ ಹಿಂಬದಿಯ ತಗಡಿನ ಚಾವಣಿಯ ಸದ್ದು ಎಷ್ಟೆಂದರೆ ಪಕ್ಕದವರ ಮಾತು ಕೇಳಿಸದು. ಎರಡು ಸೀಟಿ, ಎಂಟು ಜನ ಗೆರೆಗೆ ಬಂದರು. ಒಂದು ಸೀಟಿ, ಬಿಲ್ಲು ಎತ್ತಿದರು. (ಬಾಣ ಕೀಳಲಿಕ್ಕೆ ಹೋಗುವುದಕ್ಕೆ ಮೂರು ಸೀಟಿ.) ಆ ಹೊತ್ತಿಗೆ ಯಾವುದೋ ಹೋಟೆಲಿನವರು ರಿಟರ್ನ್ ಬಗ್ಗೆ ಕೇಳಲಿಕ್ಕೆ ಫೋನು ಮಾಡಿದರು, ನಾನು ಪಕ್ಕದ ಬಾಗಿಲಿನತ್ತ ಒಂದು ಹೆಜ್ಜೆ ಸರಿದೆ. ಗ್ರೀನ್ ರೂಮಿನ ಬಾಗಿಲು ತೆರೆಯಿತು. ಮರುದಿನದ ಸತ್ಯನಾರಾಯಣ ಪೂಜೆಯ ಅಡುಗೆಗೆ ಬಂದಿದ್ದ ಹುಡುಗ, ಹದಿನೇಳು ಹದಿನೆಂಟರವನು, ಕೈಯಲ್ಲಿ ಸ್ಟೀಲಿನ ಬಕೆಟ್, ನಲ್ಲಿ ಎಲ್ಲಿ ಎಂದು ಹುಡುಕುತ್ತ ರಂಗಸ್ಥಳದ ಮೇಲೆ ಕಾಲಿಟ್ಟ. ಬೋಲ್ಟ್ ಹಾಕಿರಲಿಲ್ಲ. ಹಾಕಬೇಕಾದವನು ನಾನು.

ಸುಬೇದಾರ್ ಸಾಹೇಬರ ಸೀಟಿ ಕೇಳಿಸಿತು. ಐದಾರು ಸಲ, ಬಿಟ್ಟು ಬಿಟ್ಟು, ಅದು ನಿಲ್ಲಿಸಿ ಎಂಬ ಸೂಚನೆ. ಏಳು ಜನ ಬಿಲ್ಲು ಇಳಿಸಿದರು. ಎಂಟನೆಯ ಹುಡುಗಿಯ ಬಾಣ ಆಗಲೇ ಬೆರಳು ಬಿಟ್ಟಿತ್ತು. ಅದು ತನ್ನ ಹಲಗೆಗೇ ಹೋಗಿ, ಏಳರ ಕೆಂಪಿನಲ್ಲಿ ಠಪ್ ಎಂದು ನಿಂತಿತು. ಬಕೆಟ್ಟಿನ ಹುಡುಗ ಅಲ್ಲಿಂದ ನಾಲ್ಕು ಮಾರು ದೂರದಲ್ಲಿದ್ದ. ಅವನಿಗೆ ಏನಾಯಿತೆಂದೇ ಗೊತ್ತಾಗಲಿಲ್ಲ. "ನಳ ಕುಠೇ ಆಹೇ?" ಎಂದು ನನ್ನನ್ನೇ ಕೇಳಿದ.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಭಾವನಿಗೆ ಫೋನು ಮಾಡಿ, ನಾಳೆಯಿಂದಲೇ ಒಬ್ಬನನ್ನು ಇಡುವ ಅಂದೆ. ಅವರು ಲೆಕ್ಕ ಕೇಳಲಿಲ್ಲ.

ಆಮೇಲೆ ಯೋಚಿಸಿದರೆ, ನಾವು ಬಿಲ್ಲುಪುಸ್ತಕದ ಹಿಂದೆ ಬರೆದ ಪಟ್ಟಿ ತಲೆಕೆಳಗಾಗಿತ್ತು. ಮೊದಲು ಬಾಡಿಗೆ ಬರೆದೆವು, ಸಹಾಯಕ ಬಂದದ್ದು ಆಮೇಲೆ. ಬರೆಯಬೇಕಾದ್ದು ಮೊದಲು ಸುಮ್ಮನೆ ನಿಂತು ನೋಡುವವನ ಸಂಬಳ. ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತವನು ಇಡ್ಲಿ ಹಾಕುವುದಿಲ್ಲ, ಟೇಬಲ್ ಒರೆಸುವುದಿಲ್ಲ. ಆದರೆ ಅವನನ್ನು ಎಬ್ಬಿಸಿ ಒಳಗೆ ಕೆಲಸಕ್ಕೆ ಹಚ್ಚಿದ ಹೋಟೆಲು ಯಾವುದೂ ಬಹಳ ದಿನ ನಡೆದದ್ದನ್ನು ನಾನು ಕಂಡಿಲ್ಲ. ರೇಂಜಿನಲ್ಲೂ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಆ ಸಂಬಳಕ್ಕೇ, ಯಾಕೆಂದರೆ ಅದನ್ನು ತೆಗೆದರೆ ಮರುದಿನ ಏನೂ ಆಗುವುದಿಲ್ಲ. ತಿಂಗಳಿಗೆ 89,000 ಬಾಡಿಗೆ ಕಟ್ಟುವವನು ಮೂರನೆಯ ತಿಂಗಳಿಗೇ ಅದನ್ನು ತೆಗೆಯುತ್ತಾನೆ. ನಾನಂತೂ ಸಂಘದ ಹಾಲಿಗೆ ತಿಂಗಳಿಗೆ 14,400 ಕಟ್ಟುವಾಗಲೇ ತೆಗೆದಿದ್ದೆ.

ಹೀಗಾಗಿ ಯಾರಾದರೂ ಕೇಳಿದರೆ (ಈಗ ಕೇಳುತ್ತಾರೆ, ಡೊಂಬಿವಲಿಯಿಂದಲೂ ಒಬ್ಬರು ಬಂದು ನೋಡಿ ಹೋದರು) ಬಾಡಿಗೆ ಶೆಡ್ಡಿನಲ್ಲಿ ರೇಂಜ್ ತೆರೆಯಬೇಡಿ ಅಂತಲೇ ಹೇಳುತ್ತೇನೆ. ವಾರದ ನಡುವೆ ಖಾಲಿ ಬೀಳುವ ಶಾಲೆಯ ಹಾಲ್, ಸಂಘದ ಹಾಲ್ ಇದ್ದರೆ ಕಣ್ಣು ಮುಚ್ಚಿ ಶುರು ಮಾಡಿ. ಕಣ್ಣು ಮುಚ್ಚದ ಒಬ್ಬನನ್ನು ಇಟ್ಟುಕೊಂಡು. ಸಂಘ ಧರ್ಮಾರ್ಥ ಸಂಸ್ಥೆಯಾಗಿ ಆದಾಯ ತೆರಿಗೆಯಲ್ಲಿ ನೋಂದಣಿಯಾಗಿದ್ದರೆ ಅದರ ಹೆಸರಿನಲ್ಲಿ ನಡೆಸುವ ಕ್ರೀಡಾ ತರಬೇತಿಗೆ ಜಿಎಸ್‌ಟಿಯೂ ಇಲ್ಲ. ಇದನ್ನು ಹೇಳುವಾಗ ಮಾತ್ರ ನನ್ನ ಮುಖ ಸ್ವಲ್ಪ ಅರಳುತ್ತದೆ ಎಂದು ಹೆಂಡತಿ ಹೇಳುತ್ತಾಳೆ.

ಪೂರ್ತಿ ಸುಖ ಅಂತಲ್ಲ. ನವರಾತ್ರಿಗೆ ಹತ್ತು ದಿನ ಹಾಲ್ ಸಿಗುವುದಿಲ್ಲ. ಏಪ್ರಿಲ್ ಮೇ ತಿಂಗಳು, ಶಿಬಿರಕ್ಕೆ ಮಕ್ಕಳು ಮುಗಿಬೀಳುವ ಹೊತ್ತು, ಅದೇ ಮದುವೆ ಮುಂಜಿಗಳ ಹೊತ್ತು. ಸಂಘಕ್ಕೆ ಒಂದು ಮದುವೆಯಿಂದ ಬರುವುದು ನಮ್ಮ ಇಡೀ ತಿಂಗಳಿಗಿಂತ ಹೆಚ್ಚು. ಲೆಕ್ಕ ಹೀಗಿದೆ: ಹನ್ನೆರಡು ಸಂಜೆಗೆ ಹಾಲ್ ಬಾಡಿಗೆ 14,400, ಸುಬೇದಾರ್ ಸಾಹೇಬರಿಗೆ 24,000, ಬಾಗಿಲಿನವನಿಗೆ 9,000, ಸವೆತ ಮುರಿತಕ್ಕೆ 6,000, ಒಟ್ಟು 53,400. ಫೀಸು 1,800, ಜನ 26. ಬರುವುದು 46,800. ಕಡಿಮೆ ಬೀಳುವ 6,600ನ್ನು ಭಾವ ಮತ್ತು ನಾನು ಅರ್ಧರ್ಧ ಹಾಕುತ್ತೇವೆ. ಮೂವತ್ತನೆಯವನು ಬಂದ ತಿಂಗಳು ಹಾಕಬೇಕಾಗುವುದಿಲ್ಲ. ಈ 26ರಲ್ಲಿ ಹನ್ನೊಂದು ಜನ ದೊಡ್ಡವರು. ಹಿಂಜವಡಿಯ ಸಾಫ್ಟ್‌ವೇರಿನವರು ನಾಲ್ವರು, ಒಬ್ಬರು ದಂತವೈದ್ಯೆ, ಒಬ್ಬರು ನಿವೃತ್ತ ಮೇಷ್ಟ್ರು. ಅವರಿಗೆ ಒಲಿಂಪಿಕ್ಸೂ ಬೇಡ, ಗ್ರೇಸ್ ಅಂಕವೂ ಬೇಡ. ಒಂದೂವರೆ ಗಂಟೆ ಫೋನು ಮುಟ್ಟದ ಜಾಗ ಬೇಕು. ಫೀಸನ್ನು ಒಂದನೇ ತಾರೀಕಿಗೆ ಹಾಕುತ್ತಾರೆ, ಪರೀಕ್ಷೆ ಎಂದು ಬಿಡುವುದಿಲ್ಲ. ಇಂಥವರು ಬರುತ್ತಾರೆಂದು ನಮ್ಮ ಪಟ್ಟಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ನನ್ನ ಮಗಳಿಗೆ ಈಗ ಕಾಂಪೌಂಡ್ ಬೇಕಂತೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ ಎಂದು ಹೇಳುತ್ತಾಳೆ. ಬೆಲೆ ನಾನು ಕೇಳಿಲ್ಲ. ಕೇಳಿದರೆ ಹಾಳೆ ತೆಗೆದು ಬರೆಯಬೇಕಾಗುತ್ತದೆ.

ಬಾಗಿಲಿಗೆ ಇಟ್ಟದ್ದು ಯಾರನ್ನು ಎಂದರೆ, ಆ ಬಕೆಟ್ಟಿನ ಹುಡುಗನನ್ನೇ. ಸಂಜೆ ಕೆಲಸ ಬೇಕು ಅಂದ. ಸುಬೇದಾರ್ ಸಾಹೇಬರು ಕುತ್ತಿಗೆಗೆ ಒಂದು ಸೀಟಿ ಕಟ್ಟಿ ಕೊಟ್ಟಿದ್ದಾರೆ. ಮೊನ್ನೆ ಭಾವ ಹೋಟೆಲಿನಿಂದ ಎಲ್ಲರಿಗೂ ಅಂಬೊಡೆ ಕಟ್ಟಿಸಿಕೊಂಡು, ಗೆರೆಯ ಮೇಲೆ ಜನ ನಿಂತಿರುವಾಗಲೇ ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗಿದರು. ಹುಡುಗ ಐದು ಸಲ ಸೀಟಿ ಊದಿದ. ಎಂಟು ಬಿಲ್ಲು ಕೆಳಗಿಳಿದವು. ಸಂಘದ ಉಪಾಧ್ಯಕ್ಷರೂ ರೇಂಜಿನ ಅರ್ಧ ಪಾಲುದಾರರೂ ಆದ ಭಾವ ಅಂಬೊಡೆಯ ಪೊಟ್ಟಣ ಹಿಡಿದುಕೊಂಡು, "ನಾನು ಮಾರಾಯ, ನಾನು," ಅಂದರು.

"ಬಾಹೇರ್," ಅಂದ ಹುಡುಗ.

ಭಾವ ಹೊರಗೆ ಹೋಗಿ, ಮೂರು ಸೀಟಿ ಆಗುವ ತನಕ ಜಗಲಿಯಲ್ಲಿ ನಿಂತರು.